ಮಾತಿಲ್ಲದೆ 'ಅಂದುಕೊಳ್ಳಲು' ಬರುತ್ತದೆಯೇ? ಭಾಷೆ ಮತ್ತು ಮನುಷ್ಯನ ಬುದ್ಧಿ

ಪದಜಾಡು

ಮೊನ್ನೆ ಮಗಳು ಕೇಳಿದಳು, "ಅಪ್ಪಾ, ಯೋಚನೆ ಮಾಡೋದು ಅಂದ್ರೆ ಒಳಗೊಳಗೇ ಮಾತಾಡೋದಾ?" ಅವಳಿಗೆ ಎಂಟು ವರ್ಷ. ಹೂಂ ಅಂದು ಸುಮ್ಮನಾಗಬಹುದಿತ್ತು, ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಭಾಷೆ ಆ ಕಡೆಗೇ ಬೊಟ್ಟು ಮಾಡುತ್ತದೆ ನೋಡಿ. 'ಅನ್ನು' ಎಂದರೆ ಹೇಳು. ಅದಕ್ಕೆ 'ಕೊಳ್ಳು' ಸೇರಿದರೆ 'ಅಂದುಕೊಳ್ಳು', ಅಂದರೆ ತನಗೆ ತಾನೇ ಹೇಳಿಕೊಳ್ಳುವುದು. ಆದರೆ ನಾವದನ್ನು ಬಳಸುವುದು ಊಹಿಸುವುದಕ್ಕೆ, ಭಾವಿಸುವುದಕ್ಕೆ. "ನೀನು ಬರಲ್ಲ ಅಂದುಕೊಂಡೆ" ಎನ್ನುವವನ ಬಾಯಿಂದ ಆಗ ಒಂದು ಶಬ್ದವೂ ಹೊರಟಿರುವುದಿಲ್ಲ.

ಈಗ ಕೇಳಬೇಕಾದ್ದು. ಮನುಷ್ಯ ಬುದ್ಧಿವಂತನಾದ ಮೇಲೆ ಮಾತು ಕಲಿತನೋ, ಮಾತು ಬಂದದ್ದರಿಂದ ಬುದ್ಧಿವಂತನಾದನೋ? ಚಿಂಪಾಂಜಿಯ ಮಿದುಳು ಸುಮಾರು 400 ಘನ ಸೆಂಟಿಮೀಟರ್, ನಮ್ಮದು 1,350ರ ಆಸುಪಾಸು. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು, ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ನುಂಗುತ್ತದೆ. ಇಷ್ಟು ದುಬಾರಿ ಅಂಗ ಕಾರಣವಿಲ್ಲದೆ ಬೆಳೆಯುವುದಿಲ್ಲ.

1866ರಲ್ಲಿ ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘ, ಭಾಷೆಯ ಹುಟ್ಟಿನ ಬಗ್ಗೆ ಯಾರ ಬರಹವನ್ನೂ ಸ್ವೀಕರಿಸುವುದಿಲ್ಲ ಎಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು. ಅಷ್ಟು ಊಹಾಪೋಹ ತುಂಬಿಕೊಂಡಿತ್ತು. ಐದು ವರ್ಷ ಕಳೆದು 1871ರಲ್ಲಿ ಡಾರ್ವಿನ್ ಮತ್ತೆ ಅದನ್ನೇ ಕೈಗೆತ್ತಿಕೊಂಡ. ಮಾತಿನ ಬಳಕೆ ತಿರುಗಿ ಮಿದುಳಿನ ಮೇಲೇ ಕೆಲಸ ಮಾಡಿರಬೇಕು ಎಂಬುದು ಅವನ ವಾದ. ನನ್ನ ಒಲವೂ ಅತ್ತಲೇ. ನಿಮ್ಮದು?

ನುಡಿಚಿಕಿತ್ಸೆ

ಪದಜಾಡು ಅವರೇ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಜೊತೆ ನಾನು ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. 'ಮಾತೇ ಯೋಚನೆ' ಎಂಬುದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದನ್ನು ನಂಬಿದ ಮನೆಯವರು ರೋಗಿಯ ಎದುರಿಗೇ, ಇವರಿಗೆ ಏನೂ ತಿಳಿಯುವುದಿಲ್ಲ ಎಂಬಂತೆ ಮಾತಾಡಿಕೊಳ್ಳುತ್ತಾರೆ. ಹಾಸಿಗೆಯಲ್ಲಿರುವವರ ಕಣ್ಣು ಆಗ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಿದುಳಿನ ಎಡಭಾಗಕ್ಕೆ ದೊಡ್ಡ ಪೆಟ್ಟು. ಬಾಯಲ್ಲಿ ಒಂದೇ ಉಲಿ, ನಾವು ಹೇಳುವ ವಾಕ್ಯವೂ ತಲೆಗೆ ಹೋಗುತ್ತಿರಲಿಲ್ಲ. ನಾನು ಕೂಡುವ ಲೆಕ್ಕದಲ್ಲಿ ಬೇಕೆಂದೇ ತಪ್ಪು ಬರೆದರೆ, ತಪ್ಪಿದ ಸಾಲಿನ ಮೇಲೆ ಸರಿಯಾಗಿ ಬೆರಳಿಡುತ್ತಿದ್ದರು. ಚದುರಂಗದಲ್ಲಿ ಅವರನ್ನು ಒಮ್ಮೆಯೂ ಸೋಲಿಸಲು ನನ್ನಿಂದಾಗಲಿಲ್ಲ.

ಇದು ಒಬ್ಬರ ಕತೆಯಲ್ಲ. 2005ರಲ್ಲಿ ರೋಸ್ಮರಿ ವಾರ್ಲಿ ಮತ್ತು ಸಂಗಡಿಗರು ತೀವ್ರ ಅಫೇಸಿಯಾ (ಮಿದುಳಿನ ಪೆಟ್ಟಿನಿಂದ ಭಾಷೆ ಕಳೆದುಕೊಳ್ಳುವ ಸ್ಥಿತಿ) ಇದ್ದ ಮೂವರನ್ನು ಪರೀಕ್ಷಿಸಿದರು. 'ಹುಲಿ ಮನುಷ್ಯನನ್ನು ಕೊಂದಿತು', 'ಮನುಷ್ಯ ಹುಲಿಯನ್ನು ಕೊಂದ' ಎಂಬಂಥ ಎರಡು ವಾಕ್ಯಗಳಲ್ಲಿ ಕೊಂದವರಾರು, ಸತ್ತವರಾರು ಎಂದು ಬೇರ್ಪಡಿಸಲು ಅವರಿಗೆ ಆಗುತ್ತಿರಲಿಲ್ಲ. ಆದರೆ ಎಪ್ಪತ್ತರಲ್ಲಿ ಇಪ್ಪತ್ತು ಕಳೆಯುವುದಕ್ಕೂ ಇಪ್ಪತ್ತರಲ್ಲಿ ಎಪ್ಪತ್ತು ಕಳೆಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಿತ್ತು, ಆವರಣ ಚಿಹ್ನೆಗಳಿರುವ ಲೆಕ್ಕವನ್ನೂ ಬಿಡಿಸುತ್ತಿದ್ದರು. ಎಂಐಟಿಯ ಎವೆಲಿನಾ ಫೆಡೊರೆಂಕೊ ಅವರ ತಂಡ ಎಂಆರ್‌ಐ ಯಂತ್ರದೊಳಗೆ ಕಂಡದ್ದೂ ಇದನ್ನೇ. ಓದುವಾಗ, ಕೇಳುವಾಗ, ಮಾತಾಡುವಾಗ ಚುರುಕಾಗುವ ಮಿದುಳಿನ ಜಾಲವೊಂದಿದೆ. ಲೆಕ್ಕ, ತರ್ಕದ ಒಗಟು, ಸಂಗೀತ ಇವುಗಳಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಭಾಷೆ ಮುಖ್ಯವಾಗಿ ಸಂವಹನದ ಸಾಧನ, ಯೋಚನೆಯ ಸಾಧನವಲ್ಲ ಎಂದು 2024ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಂದಿಗೆ 'ನೇಚರ್' ಪತ್ರಿಕೆಯಲ್ಲಿ ನೇರವಾಗಿಯೇ ಬರೆದರು.

ಮಗಳಿಗೆ ಹೇಳಿ: ಒಳಗೊಳಗೇ ಮಾತಾಡುವುದು ಯೋಚನೆಯ ಒಂದು ಬಗೆ ಮಾತ್ರ.

ಬೆಳ್ಳಕ್ಕಿ

ಇದನ್ನೇ ಹೇಳೋಣ ಅಂತಿದ್ದೆ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಗೆ ಕಡ್ಡಿಯನ್ನ ಕೊಕ್ಕಿನಿಂದ ತಿದ್ದಿ ಕೊಕ್ಕೆ ಮಾಡಿಕೊಳ್ಳುತ್ತೆ, ಅದರಿಂದ ಮರದ ಬಿಲದೊಳಗಿನ ಹುಳ ಎಳೀತದೆ. ಯಾವ ಭಾಷೆಯಲ್ಲಿ ಯೋಚಿಸಿತು ಅದು?

ಪದಜಾಡು

ಇಬ್ಬರೂ ಹೇಳಿದ್ದು ಒಪ್ಪಿಗೆ. ನುಡಿಚಿಕಿತ್ಸೆಯವರು ಬರೆದ ಹಿರಿಯರ ವಿಷಯ ಎರಡು ಸಲ ಓದಿದೆ. ಆದರೂ ಒಂದು ತಕರಾರು ಉಳಿಯುತ್ತದೆ. ಆ ಹಿರಿಯರು ಅರವತ್ತೋ ಎಪ್ಪತ್ತೋ ವರ್ಷ ಮಾತಿನ ನಡುವೆ ಬದುಕಿದವರು. ಆವರಣ ಚಿಹ್ನೆಯ ಲೆಕ್ಕವನ್ನು ಯಾರೋ ಅವರಿಗೆ ಮಾತಿನಲ್ಲೇ ಕಲಿಸಿದ್ದರು. ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹಲಗೆ ಕೊಡುತ್ತಾರೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಹಲಗೆ ತೆಗೆದ ಮೇಲೂ ತಾರಸಿ ನಿಂತಿದೆ ಎಂದರೆ ಹಲಗೆ ಬೇಕಿರಲಿಲ್ಲ ಎಂದಾಗುವುದಿಲ್ಲ. ಕಟ್ಟುವಾಗಲೇ ಹಲಗೆ ಕೊಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೋಡಬೇಕು.

ಸನ್ನೆಮನೆ

ಹಲಗೆ ಕೊಡದ ತಾರಸಿಗಳನ್ನು ನಾನು ದಿನವೂ ನೋಡುತ್ತೇನೆ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಕಿವುಡ ಮಕ್ಕಳ ಶಿಕ್ಷಕಿ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

1977ರಲ್ಲಿ ನಿಕರಾಗುವಾ ದೇಶದ ಮನಾಗ್ವಾ ನಗರದಲ್ಲಿ ಒಂದು ವಿಶೇಷ ಶಾಲೆ ತೆರೆಯಿತು. ಅದಕ್ಕೂ ಮೊದಲು ಅಲ್ಲಿನ ಕಿವುಡ ಮಕ್ಕಳು ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದರು. ಹಸಿವು, ನಿದ್ದೆ, ಬಾ, ಹೋಗು ಇಂಥವಕ್ಕೆ ಪ್ರತಿ ಮನೆಯೂ ಬೇರೆ ಬೇರೆ ಕೈಸನ್ನೆ ಮಾಡಿಕೊಂಡಿತ್ತು, ಅಷ್ಟೇ. ಶಾಲೆಯಲ್ಲಿ ಕಲಿಸಿದ್ದು ತುಟಿ ನೋಡಿ ಸ್ಪ್ಯಾನಿಷ್ ಅರಿಯುವುದನ್ನು. ಅದು ಮಕ್ಕಳಿಗೆ ಹತ್ತಲಿಲ್ಲ. ಆದರೆ ಆಟದ ಬಯಲಲ್ಲಿ, ಬಸ್ಸಿನಲ್ಲಿ ಅವರು ಕೈಯಲ್ಲಿ ಮಾತಾಡಿಕೊಂಡರು. ನೂರಾರು ಮಕ್ಕಳು ಸೇರುತ್ತ ಹೋದಂತೆ ಸನ್ನೆಗಳು ಬೆರೆತವು. ಆಮೇಲೆ ಬಂದ ಚಿಕ್ಕ ಮಕ್ಕಳು ಹಿರಿಯರಿಂದ ಅದನ್ನು ಪಡೆದು, ಹಿರಿಯರಲ್ಲಿ ಇಲ್ಲದ ವ್ಯಾಕರಣವನ್ನು ಅದರೊಳಗೆ ತಂದರು. ಯಾರೂ ಕೂತು ಯೋಜಿಸದೆ, ಒಂದೆರಡು ದಶಕದಲ್ಲಿ ಒಂದು ಹೊಸ ಭಾಷೆ ಹುಟ್ಟಿಬಿಟ್ಟಿತು. ಅದು ಬೆಳೆಯುತ್ತಿರುವಾಗಲೇ ಭಾಷಾವಿಜ್ಞಾನಿಗಳು ಹತ್ತಿರದಿಂದ ನೋಡಿದ್ದಾರೆ.

ಮಕ್ಕಳ ಮನಸ್ಸನ್ನು ಅರಿಯಲು ಒಂದು ಹಳೆಯ ಪರೀಕ್ಷೆ ಇದೆ. ಹುಡುಗಿಯೊಬ್ಬಳು ಚೆಂಡನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಇನ್ನೊಬ್ಬಳು ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ಮೊದಲಿನವಳು ತಿರುಗಿ ಬಂದಾಗ ಚೆಂಡನ್ನು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಗು ಸಾಮಾನ್ಯವಾಗಿ 'ಪೆಟ್ಟಿಗೆಯಲ್ಲಿ' ಎನ್ನುತ್ತದೆ, ಚೆಂಡು ಇರುವುದು ಅಲ್ಲಿ ತಾನೆ. ನಾಲ್ಕೈದು ವರ್ಷಕ್ಕೆ 'ಬುಟ್ಟಿಯಲ್ಲಿ' ಎನ್ನುವ ಅರಿವು ಬರುತ್ತದೆ. ಅವಳ ತಲೆಯೊಳಗಿನ ಲೋಕ ನನ್ನ ತಲೆಯೊಳಗಿನದಕ್ಕಿಂತ ಬೇರೆ ಎಂದು ಮಗು ಕಂಡುಕೊಂಡಿರುತ್ತದೆ.

ಜೆನ್ನಿ ಪಯರ್ಸ್ ಮತ್ತು ಆ್ಯನ್ ಸೆಂಗಾಸ್ ಈ ಬಗೆಯ ಪರೀಕ್ಷೆಯನ್ನು, ಮಾತಿನ ಹೊರೆ ಆದಷ್ಟು ಕಡಿಮೆ ಮಾಡಿ, ನಿಕರಾಗುವಾದವರಿಗೆ ಕೊಟ್ಟರು. ಮೊದಲ ತಲೆಮಾರಿನವರು, ಅಂದರೆ ಭಾಷೆ ಇನ್ನೂ ಎಳೆಯದಾಗಿದ್ದಾಗ ಕಲಿತವರು, ಆಗ ಬೆಳೆದು ದೊಡ್ಡವರಾಗಿದ್ದರು. ಕೆಲಸ, ಸ್ನೇಹ, ಸಂಸಾರ ಎಲ್ಲ ಕಂಡವರು. ಅವರಲ್ಲಿ ಹೆಚ್ಚಿನವರು ಸೋತರು. ಅವರಿಗಿಂತ ಕಿರಿಯರಾದ ಎರಡನೇ ತಲೆಮಾರಿನವರು ಗೆದ್ದರು. ಬಯಸುವುದನ್ನು, ನೋಡುವುದನ್ನು ಹೇಳುವ ಸನ್ನೆಗಳು ಹಿರಿಯರ ಬಳಿಯೂ ಇದ್ದವು. ಆದರೆ 'ಅರಿ', 'ಅಂದುಕೊಳ್ಳು' ಎಂಬಂಥ, ಮನಸ್ಸಿನೊಳಗಿನದ್ದನ್ನು ಹೇಳುವ ಸನ್ನೆಗಳ ಬಳಕೆ ಬಹಳ ಕಡಿಮೆ. ಎರಡು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗ, ಕಿರಿಯರ ಒಡನಾಟದಿಂದ ಆ ಸನ್ನೆಗಳನ್ನು ಕಲಿತ ಹಿರಿಯರು ಈಗ ಗೆಲ್ಲತೊಡಗಿದ್ದರು. ಲೇಖನ 2009ರಲ್ಲಿ ಬಂತು. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತೈದು ವರ್ಷದ ಬದುಕು ಕಲಿಸದೆ ಬಿಟ್ಟದ್ದನ್ನು ಕೆಲವು ಕ್ರಿಯಾಪದಗಳು ಕಲಿಸಿದ್ದವು.

ಕಾರಣ ಏನಿರಬಹುದು? ಜಿಲ್ ಮತ್ತು ಪೀಟರ್ ಡಿವಿಲಿಯರ್ಸ್ ದಂಪತಿ ವಾಕ್ಯದ ರಚನೆಯತ್ತ ಕೈ ತೋರಿಸುತ್ತಾರೆ. ಕನ್ನಡದಲ್ಲೇ ಹೇಳುತ್ತೇನೆ: "ಚೆಂಡು ಬುಟ್ಟಿಯಲ್ಲಿದೆ ಅಂತ ಅವಳು ಅಂದುಕೊಂಡಿದ್ದಾಳೆ." ಒಳಗಿನ ವಾಕ್ಯ ಸುಳ್ಳು, ಇಡೀ ವಾಕ್ಯ ನಿಜ. 'ಅಂತ' ಎಂಬ ಒಂದು ಪುಟ್ಟ ಪದ ಸುಳ್ಳನ್ನು ನಿಜದೊಳಗೆ ಇಟ್ಟು ಹಿಡಿದುಕೊಳ್ಳುತ್ತದೆ. ಇನ್ನೊಬ್ಬರ ತಪ್ಪು ನಂಬಿಕೆಯನ್ನು ಕೈಗೆತ್ತಿಕೊಂಡು ನೋಡಲು ಮಗುವಿಗೆ ಇದಕ್ಕಿಂತ ಒಳ್ಳೆಯ ಹಿಡಿಕೆ ನನಗೆ ಕಾಣದು.

ಇದು ಕಿವುಡುತನದ ಕೊರತೆ ಅಂತ ದಯವಿಟ್ಟು ಯಾರೂ ಓದಿಕೊಳ್ಳಬೇಡಿ. ತಂದೆತಾಯಿಯೂ ಕಿವುಡರಾಗಿದ್ದು, ಹುಟ್ಟಿದಂದಿನಿಂದ ಸನ್ನೆಭಾಷೆಯಲ್ಲೇ ಬೆಳೆದ ಮಕ್ಕಳು ಈ ಪರೀಕ್ಷೆಯನ್ನು ಕೇಳುವ ಮಕ್ಕಳ ವಯಸ್ಸಿಗೇ ದಾಟುತ್ತಾರೆ. ಹಿಂದೆ ಬೀಳುವವರು ಭಾಷೆ ತಡವಾಗಿ ಸಿಕ್ಕವರು.

ಬೆಳ್ಳಕ್ಕಿ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕಾಗೆ ವಿಷಯ ವಾಪಸ್ ತಗೊಳಲ್ಲ, ಆದ್ರೆ ನಾನು ಕೇಳಿದ ಪ್ರಶ್ನೆ ಚಿಕ್ಕದಾಯ್ತು.

ನುಡಿಚಿಕಿತ್ಸೆ

ಸನ್ನೆಮನೆ ಮೇಡಂ, ಕೈಮುಗಿದೆ. ಒಂದನ್ನು ಮಾತ್ರ ಸೇರಿಸಬೇಕು. ಹದಿನೈದು ತಿಂಗಳ ಮಕ್ಕಳು ಬಾಯಲ್ಲಿ ಹೇಳಲಾರದಿದ್ದರೂ ಕಣ್ಣೋಟದಲ್ಲಿ ಇಂಥ ಅರಿವಿನ ಸುಳಿವು ಕೊಡುತ್ತವೆ ಎಂದು 2005ರಲ್ಲಿ ಒಂದು ಪ್ರಯೋಗ ತೋರಿಸಿತು. 2016ರಲ್ಲಿ ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗಳಲ್ಲೂ ಅಂಥದ್ದೇ ನೋಟ ಕಂಡುಬಂತು. ಮಕ್ಕಳ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಎಲ್ಲ ಸಲವೂ ಅದೇ ಫಲ ಬಂದಿಲ್ಲ, ವಾದ ಇನ್ನೂ ನಡೆದಿದೆ. ಆದರೂ ಮೊಳಕೆ ಮಾತಿಗಿಂತ ಹಳೆಯದು ಎಂದು ನನಗನ್ನಿಸುತ್ತದೆ. ಕಣ್ಣಲ್ಲಿ ಮಿಂಚಿ ಹೋಗುವುದನ್ನು ಹಿಡಿದು ನಿಲ್ಲಿಸಿ, ಅದರ ಮೇಲೆ ತರ್ಕ ಕಟ್ಟುವ ಕೆಲಸ ಮಾತಿನದ್ದಿರಬಹುದು.

ಎಣಿಕೆ

ಸಂಖ್ಯೆಗಳಲ್ಲಿ ಇದೇ ವಿಷಯ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಬ್ರೆಜಿಲ್‌ನ ಮೈಸಿ ನದಿಯ ದಂಡೆಯಲ್ಲಿರುವ ಪಿರಹಾ ಜನರ ಭಾಷೆಯಲ್ಲಿ ನಿಖರವಾದ ಸಂಖ್ಯಾಪದಗಳಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 'ಒಂದು' ಎಂಬುದಕ್ಕೂ ಖಚಿತ ಪದವಿಲ್ಲ, ಇರುವುದೆಲ್ಲ ಕಡಿಮೆ, ಹೆಚ್ಚು ಎಂಬಂಥವು. ಎದುರಿಗೆ ವಸ್ತುಗಳ ಸಾಲು ಇಟ್ಟು ಅಷ್ಟೇ ಇನ್ನೊಂದು ಸಾಲು ಜೋಡಿಸಿ ಎಂದರೆ ಸರಿಯಾಗಿ ಜೋಡಿಸುತ್ತಾರೆ. ಸಾಲನ್ನು ಮರೆಮಾಡಿದರೆ, ನೆನಪಿನಿಂದ ಜೋಡಿಸಬೇಕಾದರೆ, ಉತ್ತರ ಅಂದಾಜಾಗುತ್ತದೆ. 'ಒಂದಕ್ಕೊಂದು ಸರಿ' ಎಂಬ ಅರಿವು ಅವರಿಗೆ ಇದೆ. ಏಳನ್ನು ಏಳಾಗಿಯೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಳ್ಳುವ ಗಂಟು ಇಲ್ಲ, ಆ ಗಂಟೇ ಪದ.

ಅವರ ಬದುಕಿನಲ್ಲಿ ಎಣಿಕೆಯ ಅಗತ್ಯವೇ ಇಲ್ಲ, ಹಾಗಾಗಿ ಅಭ್ಯಾಸವಿಲ್ಲ ಎಂದು ಯಾರಾದರೂ ಹೇಳಬಹುದು. ಅದಕ್ಕೂ ಉತ್ತರ ನಿಕರಾಗುವಾದಲ್ಲೇ ಇದೆ. ಅಲ್ಲಿ ಯಾವ ಸನ್ನೆಭಾಷೆಯನ್ನೂ ಕಲಿಯದೆ ಮನೆಯ ಸನ್ನೆಗಳಲ್ಲೇ ಬೆಳೆದ ವಯಸ್ಕರಿದ್ದಾರೆ. ದಿನವೂ ಹಣ ಮುಟ್ಟುವವರು, ಎಣಿಸುವ ಜನರ ನಡುವೆಯೇ ಇರುವವರು. 2011ರ ಅಧ್ಯಯನದಲ್ಲಿ ಅವರೂ ಮೂರನ್ನು ದಾಟಿದ ಗುಂಪುಗಳಲ್ಲಿ ತಪ್ಪಿದರು. ಲೆಕ್ಕದ ಸಮಾಜದಲ್ಲಿ ಇದ್ದರೆ ಸಾಲದು, ಎಣಿಸುವ ಪದಗಳ ಸರಣಿ ಕೈಗೆ ಸಿಗಬೇಕು.

ನನ್ನ ಅಭಿಪ್ರಾಯ ಇಷ್ಟು. ಸಂಖ್ಯಾಪದ ಒಂದು ಉಪಕರಣ, ಸುತ್ತಿಗೆಯ ಹಾಗೆ. ಸುತ್ತಿಗೆ ಇಲ್ಲದವನ ಕೈ ನನ್ನ ಕೈಯಂಥದ್ದೇ.

ತಳಿಸುಳಿ

ಚರ್ಚೆ ಚೆನ್ನಾಗಿದೆ, ಆದರೆ ಈವರೆಗೆ ಬಂದದ್ದೆಲ್ಲ ಒಬ್ಬ ವ್ಯಕ್ತಿಯ ಆಯುಷ್ಯದಲ್ಲಿ ಆಗುವ ಕಲಿಕೆ. ಪದಜಾಡು ಕೇಳಿದ್ದು ವಿಕಾಸ. ಕಲಿತದ್ದು ಜೀನ್‌ಗಳಿಗೆ ಇಳಿಯುವುದಿಲ್ಲವಲ್ಲ? ಯಾರಾದರೂ ಫಾಕ್ಸ್‌ಪಿ2 ಎಂಬ ಜೀನ್‌ನ ಮಾತು ಎತ್ತುವ ಮೊದಲೇ ಹೇಳಿಬಿಡುತ್ತೇನೆ, ಅದು 'ಭಾಷೆಯ ಜೀನ್' ಅಲ್ಲ.

ಅದರ ಕತೆ ಹೀಗಿದೆ. ಇಂಗ್ಲೆಂಡಿನ ಒಂದು ಕುಟುಂಬದ ಮೂರು ತಲೆಮಾರುಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತಿನ ತೀವ್ರ ತೊಂದರೆ ಇತ್ತು. 2001ರಲ್ಲಿ ಕಾರಣ ಸಿಕ್ಕಿತು, ಏಳನೇ ವರ್ಣತಂತುವಿನ ಫಾಕ್ಸ್‌ಪಿ2 ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಈ ಜೀನ್ ಮಾಡುವ ಪ್ರೋಟೀನ್‌ನಲ್ಲಿ ನಮಗೂ ಚಿಂಪಾಂಜಿಗೂ ಎರಡು ಅಮೈನೋ ಆಮ್ಲಗಳ ವ್ಯತ್ಯಾಸ ಎಂದು ತಿಳಿದಾಗ ದೊಡ್ಡ ಸಂಭ್ರಮವಾಯಿತು. ಆದರೆ 2007ರಲ್ಲಿ, ಅಳಿದುಹೋದ ನಮ್ಮ ಸೋದರ ಮಾನವರಾದ ನಿಯಾಂಡರ್ತಾಲ್‌ಗಳ ಮೂಳೆಗಳಲ್ಲೂ ಅದೇ ಎರಡು ಬದಲಾವಣೆ ಕಂಡವು. ನಮ್ಮ ಜಾತಿಯಲ್ಲಿ ಈಚೆಗೆ ಈ ಜೀನ್ ಮೇಲೆ ನಿಸರ್ಗದ ಬಲವಾದ ಆಯ್ಕೆ ನಡೆದಿತ್ತು ಎಂಬ ಲೆಕ್ಕವೂ 2018ರ ಹೊಸ ವಿಶ್ಲೇಷಣೆಯಲ್ಲಿ ನಿಲ್ಲಲಿಲ್ಲ. ಒಂದು ಜೀನ್, ಒಂದು ದಿನ, ಮಾತು ಬಂತು ಎಂಬ ಕತೆಯನ್ನು ಕೈಬಿಡುವುದು ಒಳ್ಳೆಯದು.

ಗಂಟಲ ಕತೆಯೂ ಹಾಗೆಯೇ. ನಮ್ಮ ಧ್ವನಿಪೆಟ್ಟಿಗೆ ಕೆಳಗಿಳಿದದ್ದರಿಂದಲೇ ಮಾತು ಸಾಧ್ಯವಾಯಿತು ಎಂದು ಬಹುಕಾಲ ನಂಬಿದ್ದರು. 2016ರಲ್ಲಿ ಮಕಾಕ್ ಕೋತಿಯ ಗಂಟಲು ಮತ್ತು ಬಾಯಿಯ ಚಲನೆಯನ್ನು ಎಕ್ಸ್-ರೇ ವಿಡಿಯೋದಲ್ಲಿ ಹಿಡಿದು ಕಂಪ್ಯೂಟರ್ ಮಾದರಿ ಮಾಡಿದರು. ಅರ್ಥವಾಗುವ ಮಾತಿಗೆ ಸಾಕಾಗುವಷ್ಟು ಸ್ವರಗಳನ್ನು ಆ ಗಂಟಲು ಹೊರಡಿಸಬಲ್ಲದು. ಕೊರತೆ ಇರುವುದು ಮೇಲೆ. ಮಿದುಳಿನ ಹೊರಪದರದಿಂದ ಧ್ವನಿಪೆಟ್ಟಿಗೆಯ ನರಗಳಿಗೆ ನಮ್ಮಲ್ಲಿ ನೇರ ಸಂಪರ್ಕವಿದೆ, ಕೋತಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕ್ಷೀಣ.

ಹಾಗಾದರೆ ಕಲಿಕೆ ಜೀನ್‌ಗಳನ್ನು ಹೇಗೆ ಬದಲಿಸುತ್ತದೆ? ಹಾಲಿನ ಉದಾಹರಣೆ ಸುಲಭ. ಹಿಂದೆ ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ಹಾಲು ಸರಿಯಾಗಿ ಜೀರ್ಣವಾಗುತ್ತಿರಲಿಲ್ಲ. ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಕೆಲವು ಜನಸಮುದಾಯಗಳು ದನ ಸಾಕಿದವು. ಅದು ಶುದ್ಧ ಕಲಿಕೆ, ಜೀನ್‌ನಲ್ಲಿ ಬರೆದದ್ದಲ್ಲ. ಆದರೆ ಆ ಪರಿಸರದಲ್ಲಿ ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳಬಲ್ಲವರಿಗೆ ಹೆಚ್ಚು ಮಕ್ಕಳು ಉಳಿದರು. ಯುರೋಪಿನಲ್ಲೂ ಪೂರ್ವ ಆಫ್ರಿಕದಲ್ಲೂ ಬೇರೆ ಬೇರೆ ರೂಪಾಂತರಗಳ ಮೂಲಕ ಇದು ಪ್ರತ್ಯೇಕವಾಗಿಯೇ ನಡೆಯಿತು. ಅಭ್ಯಾಸ ಮೊದಲು, ಜೀನ್ ಹಿಂದಿನಿಂದ. ಹಾಲಿನ ಜಾಗದಲ್ಲಿ ಸನ್ನೆ ಮತ್ತು ಸದ್ದುಗಳನ್ನು ಇಡಿ, ಹತ್ತು ಸಾವಿರದ ಜಾಗದಲ್ಲಿ ಹತ್ತಾರು ಲಕ್ಷ ವರ್ಷ ಇಡಿ. ಗುಂಪಿನಲ್ಲಿ ಮಾತು ಎಂಬುದು ಒಂದಿಷ್ಟಾದರೂ ನಡೆಯತೊಡಗಿದ ಮೇಲೆ, ಬೇಗ ಕಲಿಯುವ, ನಾಲಿಗೆ ಚೆನ್ನಾಗಿ ಹೊರಳುವ, ಕೇಳಿದ್ದನ್ನು ತಲೆಯಲ್ಲಿ ಹಿಡಿದಿಡಬಲ್ಲ ಮಕ್ಕಳಿಗೆ ಅನುಕೂಲ. ಭಾಷೆ ಆಗ ಹವಾಮಾನದಂತೆ ಒಂದು ಪರಿಸರವೇ ಆಯಿತು.

ಕಲ್ಲುಚಕ್ಕೆ

ಈ 'ಒಂದಿಷ್ಟಾದರೂ' ಯಾವಾಗ ಶುರುವಾಯಿತು ಎಂಬುದಕ್ಕೆ ಕಲ್ಲು ಏನಾದರೂ ಹೇಳಬಲ್ಲದೇ? ಮಾತು ಪಳೆಯುಳಿಕೆಯಾಗುವುದಿಲ್ಲ, ಕಲ್ಲಾಯುಧ ಉಳಿಯುತ್ತದೆ.

ಓಲ್ಡೊವಾನ್ ಎಂದು ಕರೆಯುವ ಕಲ್ಲಾಯುಧಗಳು ಸುಮಾರು 25 ಲಕ್ಷ ವರ್ಷ ಹಳೆಯವು. ಕಲ್ಲಿನಿಂದ ಕಲ್ಲಿಗೆ ಹೊಡೆದು ಹರಿತವಾದ ಚಕ್ಕೆ ಎಬ್ಬಿಸುವುದು. ನಾನು ಹವ್ಯಾಸಕ್ಕೆ ಇದನ್ನು ಮಾಡಿ ನೋಡಿದ್ದೇನೆ, ನೋಡಿದಷ್ಟು ಸುಲಭವಿಲ್ಲ. ಎಲ್ಲಿ ಹೊಡೆಯಬೇಕು, ಅಂಚಿನ ಕೋನ ಎಷ್ಟಿರಬೇಕು ಎಂದು ಗೊತ್ತಾಗುವಷ್ಟರಲ್ಲಿ ಕೈಬೆರಳೆಲ್ಲ ಗಾಯ. ಆ ತಂತ್ರ ಹೆಚ್ಚುಕಡಿಮೆ ಹಾಗೆಯೇ ಏಳು ಲಕ್ಷ ವರ್ಷ ಉಳಿಯಿತು, ಆಮೇಲೆ ಎರಡೂ ಬದಿ ತಿದ್ದಿದ ಅಶೂಲಿಯನ್ ಕೈಗೊಡಲಿ ಬಂತು. ಏಳು ಲಕ್ಷ ವರ್ಷ ಏಕೆ ಬದಲಾಗಲಿಲ್ಲ?

2015ರಲ್ಲಿ ಥಾಮಸ್ ಮಾರ್ಗನ್ ಮತ್ತು ಸಂಗಡಿಗರು 184 ಜನರಿಗೆ ಚಕ್ಕೆ ಎಬ್ಬಿಸುವುದನ್ನು ಐದು ಬಗೆಯಲ್ಲಿ ಕಲಿಸಿದರು. ಕೆಲವರಿಗೆ ಸಿದ್ಧ ಚಕ್ಕೆ ಮಾತ್ರ ಕೊಟ್ಟರು. ಕೆಲವರು ಮಾಡುವವನನ್ನು ನೋಡಬಹುದಿತ್ತು. ಕೆಲವರ ಕೈ ತಿದ್ದಿ ಕಲಿಸಿದರು, ಕೆಲವರಿಗೆ ಸನ್ನೆ ಮಾಡಿ, ಕೆಲವರಿಗೆ ಮಾತಾಡಿ. ಕಲಿತವರು ಮುಂದಿನವರಿಗೆ ಅದೇ ಬಗೆಯಲ್ಲಿ ದಾಟಿಸಬೇಕು. ಬರೀ ನೋಡಿ ಕಲಿತವರು ಚಕ್ಕೆಯನ್ನಷ್ಟೇ ಕಂಡು ಕಲಿತವರಿಗಿಂತ ಹೆಚ್ಚೇನೂ ಮೇಲಾಗಲಿಲ್ಲ. ಕಲಿಸಿಕೊಂಡವರು ಮೇಲಾದರು, ಮಾತಿನಲ್ಲಿ ಕಲಿತವರು ಎಲ್ಲರಿಗಿಂತ ಮೇಲು. ನೋಡಿ ಕಲಿಯುವುದೊಂದೇ ದಾರಿಯಾಗಿದ್ದ ಕಾಲದಲ್ಲಿ ತಂತ್ರ ನಿಂತಲ್ಲೇ ನಿಂತಿತ್ತು, ಒಳ್ಳೆಯ ಕಲ್ಲಾಯುಧವೇ ಒಳ್ಳೆಯ ಕಲಿಸುವಿಕೆಯ ಕಡೆಗೆ ಒತ್ತಡ ಹಾಕಿತು ಎಂಬುದು ಅವರ ತೀರ್ಮಾನ. ಇವತ್ತಿನ ಜನರ ಮೇಲೆ ಮಾಡಿದ ಪ್ರಯೋಗ, ಅಷ್ಟರ ಮಟ್ಟಿಗೆ ಎಚ್ಚರ ಇರಲಿ. ನನ್ನ ಗಾಯದ ಬೆರಳು ಮಾತ್ರ ಅವರ ಪರವಾಗಿದೆ. ಬಲ್ಲವರೊಬ್ಬರು "ಅಂಚಿನಿಂದ ಒಳಕ್ಕೆ ಹೊಡಿ, ಮೇಲಿನಿಂದ ಕೆಳಕ್ಕಲ್ಲ" ಎಂದ ಮೇಲೆಯೇ ನನಗೆ ಮೊದಲ ಸರಿಯಾದ ಚಕ್ಕೆ ಎದ್ದದ್ದು.

ಬೆಳ್ಳಕ್ಕಿ

ಹಾಗಾದ್ರೆ ಮಾತು ಬಂದಾಗ ಏನಾದ್ರೂ ಕಳ್ಕೊಂಡ್ವಾ? ಜಪಾನಿನ ಅಯುಮು ಅನ್ನೋ ಚಿಂಪಾಂಜಿ ಪರದೆ ಮೇಲೆ ಕ್ಷಣಮಾತ್ರ ಕಂಡು ಮಾಯವಾಗೋ ಅಂಕಿಗಳ ಜಾಗ ನೆನಪಿಟ್ಟು ಕ್ರಮವಾಗಿ ಒತ್ತುತ್ತೆ, ವಿಶ್ವವಿದ್ಯಾಲಯದ ಹುಡುಗರೇ ಸೋತ್ರಂತೆ. ಭಾಷೆಗೆ ಜಾಗ ಮಾಡಿಕೊಡೋಕೆ ನಾವು ಆ ನೆನಪನ್ನ ಬಿಟ್ಟುಕೊಟ್ವಿ ಅಂತ ಓದಿದ್ದೆ.

ಎಣಿಕೆ

ಆ ಪ್ರಯೋಗ ಕ್ಯೋಟೊ ವಿಶ್ವವಿದ್ಯಾಲಯದ್ದು, 2007ರದ್ದು. ನೆನಪು ಕೊಟ್ಟು ಭಾಷೆ ತಗೊಂಡ ಕತೆಯನ್ನು ಅದನ್ನು ನಡೆಸಿದ ತೆತ್ಸುರೊ ಮಾತ್ಸುಜಾವಾ ಊಹೆಯಾಗಿ ಮುಂದಿಟ್ಟರು. ಆದರೆ ಅಯುಮುವಿಗೆ ಇದ್ದ ಅಭ್ಯಾಸ ಆ ವಿದ್ಯಾರ್ಥಿಗಳಿಗೆ ಇರಲಿಲ್ಲ. ಆಮೇಲೆ ಸಾಕಷ್ಟು ಅಭ್ಯಾಸ ಮಾಡಿದ ಮನುಷ್ಯರೂ ಅದೇ ಮಟ್ಟ ಮುಟ್ಟಿದ್ದಾರೆ. ಕತೆ ಸುಂದರವಾಗಿದೆ, ಆಧಾರ ಸಾಲದು.

ಕೇಳುಗ

ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತಿದೆ ಅನ್ನಿಸಿತು. ಸುಳ್ಳು.

ವರ್ವೆಟ್ ಕೋತಿಗಳು ಚಿರತೆಗೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು ಕೂಗುತ್ತವೆ ಎಂದು 1980ರಲ್ಲಿ ಕೆನ್ಯಾದ ಅಂಬೊಸೆಲಿಯಿಂದ ವರದಿಯಾಯಿತು. ಆದರೆ "ನಿನ್ನೆ ಹೊಳೆಯಾಚೆ ಚಿರತೆ ಇತ್ತು" ಅನ್ನಲು ಅವಕ್ಕೆ ಬಾರದು. ನಮಗೆ ಬರುತ್ತದೆ. ಕೇಳುವವನು ಹೊಳೆಯಾಚೆ ಇರಲಿಲ್ಲ, ಹಾಗಾಗಿ ನಾನು ಹೇಳಿದ್ದು ನಿಜವೋ ಅಲ್ಲವೋ ಅವನಿಗೆ ಗೊತ್ತಾಗದು. ಇಲ್ಲದ್ದನ್ನು ಹೇಳಬಲ್ಲ ಸಾಧನ ಕೈಗೆ ಬಂದ ದಿನವೇ ಮೋಸವೂ ಬಂತು.

ಕನ್ನಡದ 'ಅಂತೆ'ಯನ್ನು ನೋಡಿ. "ಹೊಳೆಯಾಚೆ ಚಿರತೆ ಇದೆ" ಎಂದರೆ ಹೊಣೆ ನನ್ನದು. "ಇದೆಯಂತೆ" ಎಂದರೆ ಯಾರೋ ಹೇಳಿದ್ದು, ನಾನು ಕಂಡಿಲ್ಲ. ಎರಡೇ ಅಕ್ಷರದಲ್ಲಿ ಸುದ್ದಿಯ ಜೊತೆಗೆ ಸುದ್ದಿಯ ಮೂಲವೂ ಸಿಕ್ಕಿತು. ತುರ್ಕಿ, ದಕ್ಷಿಣ ಅಮೆರಿಕದ ಕೆಚುವಾ ಮುಂತಾದ ಭಾಷೆಗಳಲ್ಲೂ ಇಂಥ ವ್ಯವಸ್ಥೆ ಇದೆ. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಲ್ಲಿ ಅವರಿಗೇನು ಲಾಭ ಎಂದು ತೂಗಿ ನೋಡುವುದಕ್ಕೆ ಎಷ್ಟು ಬುದ್ಧಿ ಬೇಕು! ಆ ಬುದ್ಧಿಯನ್ನು ಕೇಳಿದ್ದೇ ಮಾತು. ಹೇಳುವವನು ಚತುರನಾದಷ್ಟೂ ಕೇಳುವವನು ಚತುರನಾಗಬೇಕು.

ಈ ಕಾರಣಕ್ಕೇ ರಾಬಿನ್ ಡನ್‌ಬಾರ್ ಅವರ ಹರಟೆಯ ವಾದ ನನಗೆ ಇಷ್ಟ. ಕೋತಿಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ಸ್ನೇಹ ಉಳಿಸಿಕೊಳ್ಳುತ್ತವೆ, ಅದಕ್ಕೆ ದಿನದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ಕೊಡಲಾಗದು. ಗುಂಪು ದೊಡ್ಡದಾದರೆ ಕೈ ಸಾಲದು. ಮಾತಾದರೆ ಏಕಕಾಲಕ್ಕೆ ಮೂವರನ್ನು ಮುಟ್ಟುತ್ತದೆ, ಅಲ್ಲಿಲ್ಲದವರ ಬಗ್ಗೆಯೂ ತಿಳಿಸುತ್ತದೆ. ಒಬ್ಬ ಮನುಷ್ಯ ನಿಭಾಯಿಸಬಲ್ಲ ಬಳಗ ಸುಮಾರು 150 ಜನ ಎಂದು ಅವರು ಕೊಟ್ಟ ಅಂಕಿಯನ್ನು ಹಲವರು ಪ್ರಶ್ನಿಸಿದ್ದಾರೆ, ನನಗೂ ಅದು ಮುಖ್ಯವಲ್ಲ.

ಇನ್ನೊಂದು. ಕಲಹರಿ ಮರುಭೂಮಿಯ ಜುಹೊನ್ಸಿ ಜನರ ಮಾತುಕತೆಗಳನ್ನು ಪಾಲಿ ವೀಸ್ನರ್ ದಾಖಲಿಸಿ 2014ರಲ್ಲಿ ಪ್ರಕಟಿಸಿದರು. ಹಗಲು ಮಾತಿನಲ್ಲಿ ಹೆಚ್ಚಿನದು ದೂರು, ದುಡಿಮೆಯ ವಿಚಾರ, ತಮಾಷೆ. ಕತೆ ನೂರಕ್ಕೆ ಆರು ಮಾತ್ರ. ರಾತ್ರಿ ಬೆಂಕಿಯ ಸುತ್ತ ನೂರಕ್ಕೆ 81 ಕತೆ! ದೂರದಲ್ಲಿರುವವರು, ಸತ್ತವರು, ಹಿಂದೆ ನಡೆದ ಮದುವೆಗಳು, ಬೇಟೆಗಳು. ಕತ್ತಲಲ್ಲಿ ಮುಖ ಕಾಣದು, ದುಡಿಯಲಾಗದು, ಮಾತೊಂದೇ ಉಳಿಯುತ್ತದೆ. ಬೆಂಕಿ ಹತೋಟಿಗೆ ಬಂದು ಲಕ್ಷಾಂತರ ವರ್ಷಗಳಾಗಿವೆ. ಎದುರಿಗಿಲ್ಲದ್ದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಅಭ್ಯಾಸ ಎಷ್ಟು ರಾತ್ರಿಗಳಲ್ಲಿ ನಡೆದಿರಬಹುದು.

ನುಡಿಚಿಕಿತ್ಸೆ

ನನ್ನ ಮೊದಲ ಬರಹದ ಒಂದು ಭಾಗ ತಿದ್ದಿಕೊಳ್ಳುತ್ತೇನೆ. ಮಾತು ಹೋದರೂ ಯೋಚನೆ ಉಳಿಯುತ್ತದೆ ಎಂಬುದನ್ನು ಬಿಡುವುದಿಲ್ಲ, ನನ್ನ ರೋಗಿಗಳಿಗಾಗಿಯಾದರೂ. ಆದರೆ ಅದರಿಂದ 'ಮಾತು ಬುದ್ಧಿಯನ್ನು ಕಟ್ಟಲಿಲ್ಲ' ಎಂದು ಹಾರಿದ್ದು ತಪ್ಪು. 2007ರ ಒಂದು ಅಧ್ಯಯನ ನೆನಪಾಯಿತು. ಎರಡೂವರೆ ವರ್ಷದ 105 ಮಕ್ಕಳು, 106 ಚಿಂಪಾಂಜಿಗಳು, 32 ಒರಾಂಗುಟಾನ್‌ಗಳು, ಎಲ್ಲರಿಗೂ ಒಂದೇ ಪರೀಕ್ಷೆಗಳ ಸರಣಿ. ಜಾಗ, ಪ್ರಮಾಣ, ಕಾರಣ ಇವುಗಳಲ್ಲಿ ಮಕ್ಕಳೂ ಚಿಂಪಾಂಜಿಗಳೂ ಹೆಚ್ಚುಕಡಿಮೆ ಸಮ. ಇನ್ನೊಬ್ಬರಿಂದ ಕಲಿಯುವುದರಲ್ಲಿ, ಇನ್ನೊಬ್ಬರ ಉದ್ದೇಶ ಅರಿಯುವುದರಲ್ಲಿ ಮಕ್ಕಳು ಬಹಳ ಮುಂದೆ. ನಮ್ಮ ಮಗು ಹುಟ್ಟುವಾಗ ಹೆಚ್ಚು ಲೆಕ್ಕ ಬಲ್ಲ ಮಿದುಳು ತರುವುದಿಲ್ಲ, ಬೇರೆಯವರ ಮಿದುಳಿಗೆ ಸೇರಿಕೊಳ್ಳಬಲ್ಲ ಮಿದುಳು ತರುತ್ತದೆ. ತಳಿಸುಳಿಯವರು ಹೇಳಿದ ಆಯ್ಕೆ ಅದರ ಮೇಲೆಯೇ ನಡೆದಿದ್ದರೆ ನನಗೆ ಆಶ್ಚರ್ಯವಿಲ್ಲ.

ಪದಜಾಡು

ಮಗಳಿಗೆ ಇಲ್ಲಿನದೆಲ್ಲ ಅವಳ ಅಳತೆಗೆ ಹೇಳಿದೆ. ನಿಕರಾಗುವಾದ ಮಕ್ಕಳ ವಿಷಯ ಅವಳನ್ನು ಹಿಡಿದುಬಿಟ್ಟಿತು. "ಅವರಿಗೆ ಅಂದುಕೊಳ್ಳೋದು ಅನ್ನೋ ಪದ ಸಿಗೋ ಮೊದಲು ಬೇಜಾರಾದ್ರೆ ಏನ್ ಮಾಡ್ತಿದ್ರು?" ಎಂದಳು. ನನ್ನಲ್ಲಿ ಉತ್ತರವಿಲ್ಲ. ಸನ್ನೆಮನೆ ಮೇಡಂ, ನೀವು ಹೇಳಬಹುದೇ?

ಸನ್ನೆಮನೆ

ಹೊಡೆಯುತ್ತಿದ್ದರು ಅಥವಾ ಮೂಲೆಯಲ್ಲಿ ಕೂರುತ್ತಿದ್ದರು. ನಿಕರಾಗುವಾದ್ದು ಗೊತ್ತಿಲ್ಲ, ನನ್ನ ತರಗತಿಯದ್ದು ಹೇಳುತ್ತೇನೆ.

ಒಂಬತ್ತು ವರ್ಷಕ್ಕೆ ನಮ್ಮಲ್ಲಿಗೆ ಬಂದ ಹುಡುಗ. ಕೇಳಿಸುವುದಿಲ್ಲ, ಸನ್ನೆಭಾಷೆಯನ್ನು ಯಾರೂ ತೋರಿಸಿರಲಿಲ್ಲ. ಮೊದಲು ಮಾತು ಬರಲಿ, ಸನ್ನೆ ಕಲಿತರೆ ಮಾತಿಗೆ ಸೋಮಾರಿಯಾಗುತ್ತಾನೆ ಎಂದು ಯಾರೋ ತಿಳಿದವರೇ ಹೇಳಿದ್ದರಂತೆ, ಮನೆಯವರು ಕಾದರು. ಸಂಜೆ ತಾಯಿ ಬರುವುದು ಐದು ನಿಮಿಷ ತಡವಾದರೂ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಬಂದ ತಾಯಿಯ ಕೈ ಕಚ್ಚುತ್ತಿದ್ದ. ಹಟಮಾರಿ ಎಂದು ಬರೆದ ಕಾಗದಗಳು ಅವನ ಕಡತದಲ್ಲಿವೆ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮಳೆಗೆ ಸಿಕ್ಕಿ ತಾಯಿ ಒಂದು ಗಂಟೆ ತಡವಾಗಿ ಬಂದರು. ಅವನು ಎದ್ದು ಹತ್ತಿರ ಹೋದ. ಬೆರಳು ತಾಯಿಯ ಕಡೆ, ಬರುವುದಿಲ್ಲ ಎಂಬ ಸನ್ನೆ, ಆಮೇಲೆ ಬೆರಳು ತನ್ನ ಹಣೆಗೆ. ನೀನು ಬರಲ್ಲ ಅಂದುಕೊಂಡೆ. ಪದಜಾಡು ಅವರು ಮೊದಲ ಬರಹದಲ್ಲಿ ಉದಾಹರಣೆಗೆ ಕೊಟ್ಟ ವಾಕ್ಯ ಅದೇ, ನೋಡಿ ಕಣ್ಣು ತುಂಬಿತ್ತು. ತಾಯಿಗೆ ಅರ್ಥವಾಗಲಿಲ್ಲ, ನಾನು ಹೇಳಿದೆ. ಅವರು ಅಲ್ಲೇ ನೆಲದ ಮೇಲೆ ಕೂತು, ಹಣೆಗೆ ಬೆರಳಿಡುವುದನ್ನು ಮಗನಿಂದ ಎರಡು ಮೂರು ಸಲ ಮಾಡಿಸಿಕೊಂಡು ಕಲಿತರು.

ಅವನಿಗೊಬ್ಬಳು ತಂಗಿ ಇದ್ದಾಳೆ, ಒಂದೂವರೆ ವರ್ಷ. ಅವಳಿಗೂ ಕೇಳಿಸುವುದಿಲ್ಲ. ಮುಂದಿನ ತಿಂಗಳಿಂದ ಅವಳನ್ನೂ ಕರೆತರುತ್ತಾರೆ.